ಏನಿದೆ, ಎಷ್ಟಿದೆ, ಹೇಗೆ ಮಾಡುವುದು: ರಸಾಯನಶಾಸ್ತ್ರದ ಓದು ಮತ್ತು ಉದ್ಯೋಗ

ರಸಾಯನಶಾಸ್ತ್ರ ಕೇಳುವುದು ಮೂರೇ ಪ್ರಶ್ನೆ. ಒಂದು ವಸ್ತುವಿನಲ್ಲಿ ಏನೇನಿದೆ? ಅದರಲ್ಲಿ ಪ್ರತಿಯೊಂದೂ ಎಷ್ಟೆಷ್ಟಿದೆ? ಅಂಥದ್ದನ್ನು ಅಥವಾ ಅದಕ್ಕಿಂತ ಮೇಲಾದದ್ದನ್ನು ಮಾಡುವುದು ಹೇಗೆ? ಬಿ.ಎಸ್ಸಿ.ಯಿಂದ ಪಿಎಚ್.ಡಿ.ವರೆಗಿನ ಪಾಠಗಳೆಲ್ಲ ಈ ಮೂರರ ವಿಸ್ತಾರ. ಓದು ಮುಗಿಸಿದವರಿಗೆ ಸಿಗುವ ಕೆಲಸಗಳೂ ಬಹುಪಾಲು ಈ ಮೂರರಲ್ಲಿ ಯಾವುದಾದರೊಂದಕ್ಕೆ ಸೇರಿದವು.

ಚುನಾವಣೆಯ ದಿನ ಮತದಾರರ ಬೆರಳಿಗೆ ಹಚ್ಚುವ ಶಾಯಿ ಇದಕ್ಕೊಂದು ಹತ್ತಿರದ ಉದಾಹರಣೆ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ರೂಪುಗೊಂಡ ಈ ಶಾಯಿಯನ್ನು 1962ರ ಮಹಾಚುನಾವಣೆಯಿಂದ ತಯಾರಿಸಿ ಕೊಡುತ್ತಿರುವುದು 1937ರಲ್ಲಿ ಮೈಸೂರು ಸಂಸ್ಥಾನ ಕಟ್ಟಿದ ಕಾರ್ಖಾನೆ, ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಂಪನಿ. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಮೇಲಿನ ಉಪ್ಪಿನ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಬೆಳಕು ಬಿದ್ದಂತೆ ಅದು ಕಪ್ಪಾಗುತ್ತದೆ. ಸಾಬೂನು ಹಾಕಿ ಉಜ್ಜಿದರೂ ಹೋಗದ ಆ ಕಲೆ ಚರ್ಮದ ಹೊರಪದರ ಉದುರಿ ಹೊಸದು ಬಂದಾಗ ಮಾತ್ರ ಮರೆಯಾಗುತ್ತದೆ. ಪಿಯುಸಿ ವಿದ್ಯಾರ್ಥಿಗಳು ಸಾಲ್ಟ್ ಅನಾಲಿಸಿಸ್ ಮಾಡುವಾಗ ಕ್ಲೋರೈಡ್ ಇದೆಯೇ ಎಂದು ತಿಳಿಯಲು ಪ್ರನಾಳಕ್ಕೆ ಹಾಕುವುದೂ ಇದೇ ಸಿಲ್ವರ್ ನೈಟ್ರೇಟಿನ ಹನಿಗಳನ್ನು. ಮೊಸರು ಒಡೆದಂತೆ ತಳಕ್ಕಿಳಿಯುವ ಬಿಳಿಯ ಒತ್ತರವೂ ಬೆರಳಿನ ಮೇಲಿನ ಸಿಲ್ವರ್ ಕ್ಲೋರೈಡೂ ಒಂದೇ ವಸ್ತು. ಪ್ರಯೋಗಾಲಯದ ಪಾಠವೊಂದು ಕೋಟ್ಯಂತರ ಜನರ ಮತದ ಕಾವಲಿಗೆ ನಿಂತದ್ದು ಹೀಗೆ.

ಕನ್ನಡ ನಾಡಿನಲ್ಲಿ ಈ ಶಾಸ್ತ್ರದ ಉನ್ನತ ಓದಿಗೆ ಶತಮಾನ ಮೀರಿದ ಇತಿಹಾಸವಿದೆ. 1909ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ಅದರ ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್ ರಸಾಯನಶಾಸ್ತ್ರಜ್ಞ. 1898ರಲ್ಲಿ ವಿಲಿಯಂ ರಾಮ್ಸೆ ಜೊತೆ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಅನಿಲಗಳನ್ನು ಕಂಡುಹಿಡಿದವರು. ಸಂಸ್ಥೆ ತೆರೆದ ಮೊದಲ ವಿಭಾಗಗಳಲ್ಲಿ ರಸಾಯನಶಾಸ್ತ್ರಕ್ಕೇ ದೊಡ್ಡ ಪಾಲು. ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತು ಮೈಸೂರು ಸಂಸ್ಥಾನದಲ್ಲಿ ಮರ ರಾಶಿ ಬಿದ್ದಾಗ, ಅದರ ಎಣ್ಣೆಯನ್ನು ಇಲ್ಲೇ ಭಟ್ಟಿ ಇಳಿಸುವ ದಾರಿ ತೋರಿಸಿದವರು ಈ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್. ಇಂಗ್ಲೆಂಡಿನಲ್ಲಿ ಸಾಬೂನು ತಯಾರಿಕೆ ಕಲಿತು ಬಂದ ಎಸ್.ಜಿ. ಶಾಸ್ತ್ರಿ ಆ ಎಣ್ಣೆಯ ಪರಿಮಳವನ್ನು ಸಾಬೂನಿನಲ್ಲಿ ಹಿಡಿದಿಟ್ಟರು. 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪ್ ಬಂತು. ಸಂಶೋಧನೆ, ಕಾರ್ಖಾನೆ, ಮಾರುಕಟ್ಟೆ ಮೂರೂ ಕೆಲವೇ ವರ್ಷಗಳಲ್ಲಿ ಒಂದೇ ಸಾಲಿಗೆ ಬಂದ ಈ ಪ್ರಸಂಗ, ರಸಾಯನಶಾಸ್ತ್ರ ಓದಿದವರು ಏನು ಮಾಡಬಲ್ಲರು ಎಂಬುದಕ್ಕೆ ಇಂದಿಗೂ ಒಳ್ಳೆಯ ಪಾಠ.

1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯಕ್ಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜು ವಿಜ್ಞಾನದ ಮನೆಯಾಯಿತು. 1951ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಪಡೆದ ಸಿ.ಎನ್.ಆರ್. ರಾವ್ ಆಗ 17ರ ಹುಡುಗ. ಬನಾರಸ್‌ನಲ್ಲಿ ಎಂ.ಎಸ್ಸಿ., 1958ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿ ಮರುವರ್ಷವೇ ಬೆಂಗಳೂರಿಗೆ ಮರಳಿದರು. ಘನಸ್ಥಿತಿ ರಸಾಯನಶಾಸ್ತ್ರವನ್ನು ಭಾರತದಲ್ಲಿ ಬೆಳೆಸಿದ ಅವರಿಗೆ 2014ರಲ್ಲಿ ಭಾರತರತ್ನ ಸಂದಿತು. ಇದೇ ಇತಿಹಾಸದಲ್ಲಿ ಕಮಲಾ ಸೊಹೊನಿ ಅವರ ಹೆಸರನ್ನೂ ನೆನೆಯಬೇಕು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ ಹೆಣ್ಣೆಂಬ ಕಾರಣಕ್ಕೆ ಅವರನ್ನು ಸೇರಿಸಿಕೊಳ್ಳಲು ನಿರಾಕರಿಸಲಾಗಿತ್ತು. ಪಟ್ಟು ಬಿಡದೆ ಪರೀಕ್ಷಾವಧಿಯ ಷರತ್ತಿನ ಮೇಲೆ ಸೇರಿ, ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ ಮಾಡಿ, 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಅವರು ತೆರೆದ ಬಾಗಿಲಿನಿಂದ ಅನೇಕ ಹೆಣ್ಣುಮಕ್ಕಳು ಒಳಬಂದರು. ಇಂದು ರಾಜ್ಯದ ರಸಾಯನಶಾಸ್ತ್ರ ತರಗತಿಗಳಲ್ಲಿ ಹುಡುಗಿಯರಿಲ್ಲದ ಸಾಲು ಕಾಣುವುದೇ ಅಪರೂಪ.

ಪದವಿಯ ಓದು

ಪಿಯುಸಿಯಲ್ಲಿ ಪಿಸಿಎಂಬಿ ಅಥವಾ ಪಿಸಿಎಂ ಓದಿದವರು ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರವನ್ನು ಭೌತಶಾಸ್ತ್ರ, ಗಣಿತದ ಜೊತೆಗೋ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಜೊತೆಗೋ ತೆಗೆದುಕೊಳ್ಳುವುದು ವಾಡಿಕೆ. ಪಿಸಿಎಂ ಮತ್ತು ಸಿಬಿಝಡ್ ಎಂಬ ಹೆಸರುಗಳು ಈ ಜೋಡಣೆಗಳಿಂದಲೇ ಬಂದವು. ಸೂಕ್ಷ್ಮಜೀವಿಶಾಸ್ತ್ರ, ಜೀವರಸಾಯನಶಾಸ್ತ್ರದ ಜೊತೆಗಿನ ಜೋಡಣೆಗಳೂ ಹಲವು ಕಾಲೇಜುಗಳಲ್ಲಿವೆ. ಕರ್ನಾಟಕದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಪದವಿ ಜಾರಿಗೆ ಬಂದಿತ್ತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ, ಆರು ಸೆಮಿಸ್ಟರಿನ ಪದವಿಗೆ ಮರಳಿದೆ. ಭಾರತೀಯ ವಿಜ್ಞಾನ ಸಂಸ್ಥೆ 2011ರಿಂದ ನಡೆಸುತ್ತಿರುವ ಸಂಶೋಧನಾ ಪದವಿ ನಾಲ್ಕು ವರ್ಷದ್ದು. ಪುಣೆ, ತಿರುಪತಿ, ತಿರುವನಂತಪುರ ಮುಂತಾದೆಡೆಯ ಐಸರ್ ಸಂಸ್ಥೆಗಳಲ್ಲಿ ಪದವಿ, ಸ್ನಾತಕೋತ್ತರ ಎರಡೂ ಸೇರಿದ ಐದು ವರ್ಷದ ಓದಿದೆ. ಇವೆರಡಕ್ಕೂ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ದಾಟಬೇಕು.

ಪಠ್ಯ ಎಲ್ಲೆಡೆ ಹೆಚ್ಚುಕಡಿಮೆ ನಾಲ್ಕು ಕವಲುಗಳಲ್ಲಿ ಹರಿಯುತ್ತದೆ. ಒಂದು ಕ್ರಿಯೆ ನಡೆಯುವುದೋ ಇಲ್ಲವೋ, ನಡೆದರೆ ಎಷ್ಟು ವೇಗವಾಗಿ, ಎಷ್ಟು ಶಾಖ ಹೊಮ್ಮಿಸಿ ಎಂಬುದನ್ನು ಭೌತ ರಸಾಯನಶಾಸ್ತ್ರ ಹೇಳುತ್ತದೆ. ಆವರ್ತ ಕೋಷ್ಟಕದ ಧಾತುಗಳು, ಲೋಹಗಳು, ಅವುಗಳ ಬಣ್ಣಬಣ್ಣದ ಸಂಕೀರ್ಣಗಳು ಅಜೈವಿಕ ವಿಭಾಗದ ವಿಷಯ. ಇಂಗಾಲದ ಲೆಕ್ಕವಿಲ್ಲದಷ್ಟು ಸಂಯುಕ್ತಗಳನ್ನು ಸಾವಯವ ವಿಭಾಗ ನೋಡಿಕೊಳ್ಳುತ್ತದೆ. ವಸ್ತುವಿನಲ್ಲಿ ಏನಿದೆ, ಎಷ್ಟಿದೆ ಎಂದು ಅಳೆಯುವ ವಿದ್ಯೆ ವಿಶ್ಲೇಷಣಾ ರಸಾಯನಶಾಸ್ತ್ರ. ವಿದ್ಯಾರ್ಥಿಗಳನ್ನು ಹೆಚ್ಚು ಹೆದರಿಸುವುದು ಸಾವಯವ. ಬಾಯಿಪಾಠಕ್ಕೆ ಇಳಿದವರಿಗೆ ಅದು ಎಂದೂ ಮುಗಿಯದ ಪಟ್ಟಿ. ಎಲೆಕ್ಟ್ರಾನು ಎಲ್ಲಿ ಹೆಚ್ಚಿದೆ, ಎಲ್ಲಿ ಕೊರತೆಯಿದೆ, ಯಾವ ಕಡೆಯಿಂದ ಯಾವ ಕಡೆಗೆ ಸರಿಯುತ್ತದೆ ಎಂಬ ಕ್ರಿಯಾವಿಧಾನವನ್ನು ಹಿಡಿದುಕೊಂಡವರಿಗೆ ನೂರು ಕ್ರಿಯೆಗಳು ಹತ್ತು ತತ್ತ್ವಗಳಾಗಿ ಕುಗ್ಗುತ್ತವೆ. ಭೌತ ರಸಾಯನಶಾಸ್ತ್ರದ ತೊಡಕು ಬೇರೆ. ಅಲ್ಲಿ ಉಷ್ಣಗತಿ ಮತ್ತು ಕ್ವಾಂಟಂ ಭಾಗಗಳಿಗೆ ಕಲನಶಾಸ್ತ್ರ ಬೇಕು. ಗಣಿತವನ್ನು ಪಿಯುಸಿಯಲ್ಲೇ ಬಿಟ್ಟ ಸಿಬಿಝಡ್ ವಿದ್ಯಾರ್ಥಿಗಳು ಪದವಿಯ ವೇಳೆಯಲ್ಲೇ ಅದನ್ನು ಸ್ವಲ್ಪವಾದರೂ ಕಲಿತುಕೊಳ್ಳದಿದ್ದರೆ ಎಂ.ಎಸ್ಸಿ.ಯ ಮೊದಲ ಸೆಮಿಸ್ಟರಿನಲ್ಲಿ ಕಷ್ಟಪಡುತ್ತಾರೆ.

ತರಗತಿಯ ಪಾಠವನ್ನು ಪುಸ್ತಕದಿಂದ ತುಂಬಿಕೊಳ್ಳಬಹುದು. ಪ್ರಯೋಗಾಲಯದ ಪಾಠವನ್ನು ತುಂಬಿಕೊಳ್ಳಲು ಬೇರೆ ಜಾಗವಿಲ್ಲ. ಬ್ಯುರೆಟ್ಟಿನಿಂದ ಹನಿಹನಿಯಾಗಿ ದ್ರಾವಣ ಬಿಡುತ್ತ, ಬಣ್ಣ ಬದಲಾಗುವ ಆ ಒಂದು ಹನಿಯಲ್ಲಿ ಕೈ ನಿಲ್ಲಿಸುವುದು, ದ್ರವದ ಬಾಗಿದ ಮೇಲ್ಮೈಯ ತಳಕ್ಕೆ ಕಣ್ಣು ಸಮನಾಗಿಟ್ಟು ರೀಡಿಂಗ್ ಓದುವುದು, ಮೂರು ಸಲವೂ ಒಂದೇ ಬೆಲೆ ಬರುವವರೆಗೆ ಟೈಟ್ರೇಷನ್ ಮಾಡುವುದು: ಇವು ಕೈಗೆ ಬರಬೇಕಾದ ಕೆಲಸಗಳು. ಮುಂದಿನ ವರ್ಷಗಳಲ್ಲಿ ತೂಕದಿಂದ ಲೋಹದ ಪ್ರಮಾಣ ಕಂಡುಹಿಡಿಯುವುದು, ಸಾವಯವ ವಸ್ತುಗಳನ್ನು ತಯಾರಿಸಿ ಹರಳುಗಟ್ಟಿಸಿ ಶುದ್ಧಗೊಳಿಸುವುದು, ವಿದ್ಯುತ್ ವಾಹಕತೆ ಅಳೆಯುವುದು ಸೇರಿಕೊಳ್ಳುತ್ತವೆ. ಸುರಕ್ಷತೆಯ ಅಭ್ಯಾಸವೂ ಇಲ್ಲೇ ಬೇರೂರಬೇಕು. ಆಮ್ಲವನ್ನು ನೀರಿಗೆ ನಿಧಾನವಾಗಿ ಸೇರಿಸಬೇಕು, ನೀರನ್ನು ಆಮ್ಲಕ್ಕೆ ಸುರಿಯಬಾರದು. ಕನ್ನಡಕವಿಲ್ಲದೆ ಮೇಜಿನ ಬಳಿ ನಿಲ್ಲಬಾರದು. ಉಳಿದ ದ್ರಾವಕವನ್ನು ಸಿಂಕಿಗೆ ಚೆಲ್ಲಬಾರದು.

ಈ ಹಂತದಲ್ಲಿ ಒಂದು ಕೆಟ್ಟ ರೂಢಿ ಅನೇಕರಿಗೆ ಅಂಟಿಕೊಳ್ಳುತ್ತದೆ. ಬರಬೇಕಾದ ಉತ್ತರ ಮೊದಲೇ ಗೊತ್ತಿರುವುದರಿಂದ ರೀಡಿಂಗನ್ನು ಅದಕ್ಕೆ ಹೊಂದಿಸಿ ರೆಕಾರ್ಡ್ ಬರೆಯುವುದು. ಅಂಕ ಬರುತ್ತದೆ, ವಿದ್ಯೆ ಹೋಗುತ್ತದೆ. ಮುಂದೆ ಔಷಧ ಕಂಪನಿಯಲ್ಲಾಗಲಿ ನೀರು ಪರೀಕ್ಷೆಯಲ್ಲಾಗಲಿ ಸಂಬಳ ಕೊಡುವುದೇ ಕಂಡದ್ದನ್ನು ಕಂಡಂತೆ ಬರೆಯುವುದಕ್ಕೆ. ಕೆಟ್ಟು ಬಂದ ರೀಡಿಂಗನ್ನು ಹಾಗೇ ಬರೆದು, ಏಕೆ ಕೆಟ್ಟಿತೆಂದು ಹುಡುಕುವ ಅಭ್ಯಾಸ ಈ ಓದು ಕೊಡಬಹುದಾದ ಅತ್ಯಂತ ಬೆಲೆಬಾಳುವ ವಸ್ತು.

ಬೇರೆ ಪದವಿಗಳೊಡನೆ ಆಗುವ ಗೊಂದಲವನ್ನೂ ಇಲ್ಲೇ ಬಿಡಿಸಬೇಕು. ರಸಾಯನಶಾಸ್ತ್ರದ ಬಿ.ಎಸ್ಸಿ. ವಸ್ತುವಿನ ಗುಣ ಮತ್ತು ಕ್ರಿಯೆಯನ್ನು ಕಲಿಸುತ್ತದೆ. ಕೆಮಿಕಲ್ ಎಂಜಿನಿಯರಿಂಗ್ ಪ್ರಯೋಗಾಲಯದಲ್ಲಿ ಗ್ರಾಂ ಲೆಕ್ಕದಲ್ಲಿ ಆದದ್ದನ್ನು ಕಾರ್ಖಾನೆಯಲ್ಲಿ ಟನ್ ಲೆಕ್ಕದಲ್ಲಿ ಮಾಡುವುದನ್ನು, ಪಂಪು, ಕೊಳವೆ, ಶಾಖ ವಿನಿಮಯದ ಲೆಕ್ಕಾಚಾರವನ್ನು ಕಲಿಸುತ್ತದೆ. ಬಿ.ಫಾರ್ಮ್ ಔಷಧ, ದೇಹ ಇವೆರಡರ ಸಂಬಂಧಕ್ಕೆ ಒತ್ತು ಕೊಡುತ್ತದೆ. ಔಷಧದ ಅಂಗಡಿಯ ಫಲಕದಲ್ಲಿ ಕೆಮಿಸ್ಟ್ ಎಂದಿದ್ದರೂ ಅಲ್ಲಿ ಔಷಧ ವಿತರಿಸಲು ಫಾರ್ಮಸಿಯ ಓದು ಮತ್ತು ನೋಂದಣಿ ಬೇಕು. ರಸಾಯನಶಾಸ್ತ್ರದ ಪದವಿ ಅದಕ್ಕೆ ಸಲ್ಲದು. ಆದರೆ ಔಷಧ ತಯಾರಿಸುವ ಕಾರ್ಖಾನೆಯ ವಿಷಯ ಬೇರೆ. 1945ರ ಔಷಧ ನಿಯಮಗಳು ರಸಾಯನಶಾಸ್ತ್ರವನ್ನು ಮುಖ್ಯ ವಿಷಯವಾಗಿ ಓದಿ ತಯಾರಿಕೆಯಲ್ಲಿ ನಿಗದಿತ ಅನುಭವ ಪಡೆದ ಪದವೀಧರರನ್ನೂ ತಾಂತ್ರಿಕ ಹೊಣೆಗಾರಿಕೆಗೆ ಅರ್ಹರೆಂದು ಒಪ್ಪುತ್ತವೆ.

ಸ್ನಾತಕೋತ್ತರ ಮತ್ತು ಸಂಶೋಧನೆ

ಈ ವಿಷಯದಲ್ಲಿ ಬಿ.ಎಸ್ಸಿ. ಕೆಲಸಕ್ಕೆ ಬಾಗಿಲು ತೆರೆದರೆ, ಮೇಲೇರಲು ಎಂ.ಎಸ್ಸಿ. ಬೇಕಾಗುತ್ತದೆ. ಮೈಸೂರಿನ ಮಾನಸಗಂಗೋತ್ರಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಬೆಂಗಳೂರಿನ ಜ್ಞಾನಭಾರತಿ, ಮಂಗಳೂರು ಬಳಿಯ ಮಂಗಳಗಂಗೋತ್ರಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಕಲಬುರಗಿಯ ಜ್ಞಾನಗಂಗಾ ಹೀಗೆ ರಾಜ್ಯದ ಎಲ್ಲ ದಿಕ್ಕಿನಲ್ಲೂ ಎಂ.ಎಸ್ಸಿ. ವಿಭಾಗಗಳಿವೆ. ಸಾಮಾನ್ಯ ರಸಾಯನಶಾಸ್ತ್ರವಲ್ಲದೆ ಸಾವಯವ, ವಿಶ್ಲೇಷಣಾ, ಕೈಗಾರಿಕಾ ಮುಂತಾದ ವಿಶೇಷ ಶಾಖೆಗಳನ್ನು ಆಯ್ದುಕೊಳ್ಳುವ ಅವಕಾಶ ಹಲವೆಡೆ ಇದೆ. ಐಐಟಿಗಳ ಎಂ.ಎಸ್ಸಿ., ಭಾರತೀಯ ವಿಜ್ಞಾನ ಸಂಸ್ಥೆಯ ಸಂಯುಕ್ತ ಪಿಎಚ್.ಡಿ., ಸುರತ್ಕಲ್‌ನ ಎನ್‌ಐಟಿಕೆಯಂಥ ಸಂಸ್ಥೆಗಳ ಎಂ.ಎಸ್ಸಿ. ಪ್ರವೇಶಕ್ಕೆ ಜ್ಯಾಮ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯಿದೆ. ಬಿ.ಎಸ್ಸಿ.ಯ ಕೊನೆಯ ವರ್ಷದಲ್ಲೇ ಇದನ್ನು ಬರೆಯಬಹುದು. ಜಿಲ್ಲಾ ಕೇಂದ್ರದ ಅಥವಾ ತಾಲ್ಲೂಕಿನ ಕಾಲೇಜಿನ ಎಷ್ಟೋ ವಿದ್ಯಾರ್ಥಿಗಳಿಗೆ ಈ ಪರೀಕ್ಷೆಯ ಹೆಸರು ತಿಳಿಯುವ ಹೊತ್ತಿಗೆ ಅರ್ಜಿಯ ಗಡುವು ದಾಟಿರುತ್ತದೆ. ಎರಡನೆಯ ವರ್ಷದಲ್ಲೇ ತಿಳಿಸಿ ಹೇಳುವ ಮೇಷ್ಟರು ಅವರ ಬದುಕಿನ ದಾರಿಯನ್ನೇ ಬದಲಿಸಬಲ್ಲರು.

ಎಂ.ಎಸ್ಸಿ.ಯ ತಿರುಳು ರೋಹಿತದರ್ಶನ, ಅಂದರೆ ಸ್ಪೆಕ್ಟ್ರೋಸ್ಕೋಪಿ. ಕಣ್ಣಿಗೆ ಕಾಣದ ಅಣುವಿನ ಆಕಾರವನ್ನು ಬೆಳಕು, ಕಾಂತಕ್ಷೇತ್ರ ಮತ್ತು ವಿದ್ಯುತ್ತಿನ ಸಹಾಯದಿಂದ ಓದುವ ವಿದ್ಯೆ ಇದು. ಅವಕೆಂಪು ರೋಹಿತದಿಂದ ಅಣುವಿನಲ್ಲಿ ಯಾವ ಬಂಧಗಳಿವೆಯೆಂದು ತಿಳಿಯುತ್ತದೆ. ಎನ್‌ಎಂಆರ್ ಯಂತ್ರ ಹೈಡ್ರೋಜನ್, ಇಂಗಾಲದ ಪರಮಾಣುಗಳು ಎಲ್ಲೆಲ್ಲಿ ಕುಳಿತಿವೆ ಎಂದು ತೋರಿಸುತ್ತದೆ. ಮಾಸ್ ಸ್ಪೆಕ್ಟ್ರೋಮೀಟರ್ ಅಣುವಿನ ತೂಕ ಹೇಳುತ್ತದೆ. ಮೂರು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಗುರುತಿಲ್ಲದ ವಸ್ತುವಿನ ರಚನೆಯನ್ನು ಬಿಡಿಸಿ ಬರೆಯುವ ವಿದ್ಯಾರ್ಥಿಗೆ ಒಗಟು ಬಿಡಿಸಿದ ಸಂತೋಷ ಸಿಗುತ್ತದೆ. ಉದ್ಯೋಗದ ಸಂದರ್ಶನದಲ್ಲಿ ಕೇಳುವುದೂ ಹೆಚ್ಚಾಗಿ ಇದನ್ನೇ. ಮಿಶ್ರಣವನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ ಪ್ರತಿಯೊಂದರ ಪ್ರಮಾಣ ಹೇಳುವ ಎಚ್‌ಪಿಎಲ್‌ಸಿ ಮತ್ತು ಗ್ಯಾಸ್ ಕ್ರೊಮ್ಯಾಟೊಗ್ರಫಿ ಯಂತ್ರಗಳನ್ನು ಸ್ವತಃ ಮುಟ್ಟಿ ನಡೆಸಿದ ಅನುಭವವಿದ್ದರೆ ಕೆಲಸ ಬೇಗ ಸಿಗುತ್ತದೆ.

ಸಂಶೋಧನೆಗೆ ಹೋಗುವವರ ಮುಂದಿನ ಮೆಟ್ಟಿಲು ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯ ರಾಸಾಯನಿಕ ವಿಜ್ಞಾನ ವಿಭಾಗ, ಇಲ್ಲವೇ ಗೇಟ್. ನೆಟ್‌ನಲ್ಲಿ ಜೆಆರ್‌ಎಫ್ ಪಡೆದವರಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000 ರೂಪಾಯಿ ಫೆಲೊಶಿಪ್, ಜೊತೆಗೆ ಮನೆ ಬಾಡಿಗೆ ಭತ್ಯೆಯಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ, 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಈ ಕ್ಷೇತ್ರದ ಹಿರಿಯ ತಾಣಗಳಲ್ಲೊಂದು. ಪಿಎಚ್.ಡಿ.ಗೆ ಸಾಮಾನ್ಯವಾಗಿ ಐದು ವರ್ಷ ಹಿಡಿಯುತ್ತದೆ. ಹತ್ತು ಪ್ರಯೋಗ ಕೈಕೊಟ್ಟ ಮೇಲೆ ಹನ್ನೊಂದನೆಯದು ಫಲಿಸುವ ಕೆಲಸ ಅದು. ತಾಳ್ಮೆ, ಮಾರ್ಗದರ್ಶಕರ ಆಯ್ಕೆ ಎರಡೂ ವಿಷಯದ ಆಯ್ಕೆಯಷ್ಟೇ ಮುಖ್ಯ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ರಸಾಯನಶಾಸ್ತ್ರದ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಪಾಠ ಹೇಳುವ ಅಥವಾ ಸಂಶೋಧನೆಗೆ ನೆರವಾಗುವ ಹೊಣೆ ವಹಿಸಿ, ಶುಲ್ಕ ಮನ್ನಾ ಮಾಡಿ, ಜೀವನಕ್ಕೆ ವೇತನ ಕೊಡುವ ಪದ್ಧತಿಯಿದೆ. ಮೂರು ವರ್ಷದ ಪದವಿಯವರು ಸಾಮಾನ್ಯವಾಗಿ ಇಲ್ಲಿ ಎಂ.ಎಸ್ಸಿ. ಮುಗಿಸಿ ಹೋಗುತ್ತಾರೆ.

ಕೆಲಸ ಎಲ್ಲೆಲ್ಲಿ

ಅತಿ ಹೆಚ್ಚು ಕೆಲಸ ಕೊಡುವ ಕ್ಷೇತ್ರ ಔಷಧೋದ್ಯಮ. ಬೆಂಗಳೂರಿನ ಬೊಮ್ಮಸಂದ್ರ, ಜಿಗಣಿ, ಪೀಣ್ಯ, ಮೈಸೂರಿನ ಪಕ್ಕದ ನಂಜನಗೂಡು, ಉತ್ತರದಲ್ಲಿ ಬೀದರ್, ರಾಯಚೂರು, ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶಗಳಲ್ಲಿ ಔಷಧ ಮತ್ತು ಅದರ ಮೂಲವಸ್ತು ತಯಾರಿಸುವ ಘಟಕಗಳಿವೆ. ಇಲ್ಲಿ ಕೆಲಸ ಮೂರು ನಾಲ್ಕು ಬಗೆಯದು. ಆರ್ ಅಂಡ್ ಡಿ ವಿಭಾಗದವರು ಹೊಸ ಅಣುವನ್ನೋ ಹಳೆಯ ಅಣುವಿಗೆ ಅಗ್ಗದ ದಾರಿಯನ್ನೋ ಹುಡುಕುತ್ತಾರೆ. ಸಾವಯವ ರಸಾಯನಶಾಸ್ತ್ರದವರಿಗೆ ಇದು ತವರು. ಉತ್ಪಾದನಾ ವಿಭಾಗದವರು ರಿಯಾಕ್ಟರಿನ ಪಕ್ಕ ನಿಂತು ಉಷ್ಣತೆ, ಒತ್ತಡ, ಹೊತ್ತು ನೋಡಿಕೊಳ್ಳುತ್ತಾರೆ. ಕ್ಯೂಸಿ ವಿಭಾಗದವರು ಕಚ್ಚಾವಸ್ತುವಿನಿಂದ ಕೊನೆಯ ಗುಳಿಗೆಯವರೆಗೆ ಪ್ರತಿ ಹಂತದ ಮಾದರಿಯನ್ನು ಪರೀಕ್ಷಿಸುತ್ತಾರೆ. ಎಲ್ಲವೂ ನಿಯಮದಂತೆ ನಡೆದಿದೆಯೇ ಎಂದು ದಾಖಲೆ ನೋಡಿ ಒಪ್ಪಿಗೆ ಕೊಡುವವರು ಕ್ಯೂಎ ವಿಭಾಗದವರು. ಔಷಧ ಲೋಕದಲ್ಲಿ ದಾಖಲೆಯಲ್ಲಿಲ್ಲದ ಪರೀಕ್ಷೆ ನಡೆದೇ ಇಲ್ಲವೆಂದು ಲೆಕ್ಕ. ತಿದ್ದಿದ ಅಂಕಿಯೊಂದು ಸಿಕ್ಕರೆ ವಿದೇಶಿ ತನಿಖಾಧಿಕಾರಿಗಳು ಇಡೀ ಘಟಕದ ರಫ್ತನ್ನೇ ತಡೆಯಬಲ್ಲರು. ಬಿ.ಎಸ್ಸಿ. ಲ್ಯಾಬಿನಲ್ಲಿ ರೀಡಿಂಗ್ ಹೊಂದಿಸುವುದು ಏಕೆ ಸಣ್ಣ ತಪ್ಪಲ್ಲ ಎಂಬುದು ಇಲ್ಲಿ ಅರ್ಥವಾಗುತ್ತದೆ.

ಆಹಾರದ ಕ್ಷೇತ್ರ ಕರ್ನಾಟಕದವರಿಗೆ ಇನ್ನೂ ಹತ್ತಿರದ್ದು. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಸಿಎಫ್‌ಟಿಆರ್‌ಐ ದೇಶದ ಆಹಾರ ಸಂಶೋಧನೆಯ ಮುಖ್ಯ ಕೇಂದ್ರ. ಸೈನಿಕರ ಆಹಾರವನ್ನು ನೋಡಿಕೊಳ್ಳುವ ರಕ್ಷಣಾ ಪ್ರಯೋಗಾಲಯವೂ ಅದೇ ಊರಿನಲ್ಲಿದೆ. ಹಳ್ಳಿಯ ಡೇರಿಯಲ್ಲಿ ಹಾಲಿನ ಬೆಲೆ ಗೊತ್ತಾಗುವುದೇ ಅದರ ಕೊಬ್ಬು ಮತ್ತು ಎಸ್‌ಎನ್‌ಎಫ್, ಅಂದರೆ ಕೊಬ್ಬಲ್ಲದ ಘನವಸ್ತುಗಳ ಪ್ರಮಾಣದ ಮೇಲೆ. ಅದೇ ಹಾಲು ಒಕ್ಕೂಟದ ಡೇರಿಗೆ ಬಂದಾಗ ಯೂರಿಯಾ, ಪಿಷ್ಟ, ಸೋಡಾ ಬೆರೆತಿವೆಯೇ ಎಂದು ನೋಡುವುದು ಅಲ್ಲಿನ ಪ್ರಯೋಗಾಲಯ. ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳಲ್ಲಿ ಲ್ಯಾಬ್ ಕೆಮಿಸ್ಟ್, ಮ್ಯಾನುಫ್ಯಾಕ್ಚರಿಂಗ್ ಕೆಮಿಸ್ಟ್, ಚೀಫ್ ಕೆಮಿಸ್ಟ್ ಎಂಬ ಹುದ್ದೆಗಳ ಸಾಲೇ ಇದೆ. ಕಬ್ಬಿನ ರಸದಲ್ಲಿ ಸಕ್ಕರೆ ಎಷ್ಟು, ಸುಣ್ಣ ಎಷ್ಟು ಹಾಕಬೇಕು, ಕಾಕಂಬಿಯಲ್ಲಿ ಎಷ್ಟು ಸಕ್ಕರೆ ಉಳಿದುಹೋಗುತ್ತಿದೆ ಎಂಬ ಲೆಕ್ಕ ಅವರದು. ಕೇಂದ್ರ ಸರ್ಕಾರ ಕಬ್ಬಿಗೆ ಗೊತ್ತುಮಾಡುವ ದರ ಈಚಿನ ವರ್ಷಗಳಲ್ಲಿ ಶೇ 10.25ರ ಮೂಲ ಇಳುವರಿಗೆ ಕಟ್ಟುಬಿದ್ದಿದೆ. ಇಳುವರಿ ಅದಕ್ಕಿಂತ ಶೇ 0.1ರಷ್ಟು ಏರಿದರೂ ರೈತರಿಗೆ ಹೆಚ್ಚಿನ ಬೆಲೆ ಬರಬೇಕು. ಕೆಮಿಸ್ಟ್ ಬರೆಯುವ ಆ ಅಂಕಿ ಸರಿಯಿದ್ದರೆ ಮಾತ್ರ ಗದ್ದೆಯ ಶ್ರಮಕ್ಕೆ ನ್ಯಾಯ.

ನೀರು ಮತ್ತು ಪರಿಸರದ ಕೆಲಸ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಸಮಸ್ಯೆಯಿದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದಾಗಿ ಮೂಳೆ ಬಾಗುತ್ತದೆ. ಬಣ್ಣ, ರುಚಿ, ವಾಸನೆ ಯಾವುದರಿಂದಲೂ ಇದು ತಿಳಿಯದು. ಅಳೆದರೆ ಮಾತ್ರ ತಿಳಿಯುತ್ತದೆ. 1974ರಲ್ಲಿ ರಚನೆಯಾದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಯೋಗಾಲಯಗಳು, ನೀರು ಸರಬರಾಜು ಸಂಸ್ಥೆಗಳು, ಖಾಸಗಿ ಪರೀಕ್ಷಾ ಕೇಂದ್ರಗಳು, ಕಾರ್ಖಾನೆಗಳ ತ್ಯಾಜ್ಯ ಸಂಸ್ಕರಣಾ ಘಟಕಗಳು ಎಲ್ಲಕ್ಕೂ ರಸಾಯನಶಾಸ್ತ್ರ ಓದಿದವರು ಬೇಕು.

ಲೋಹ, ಇಂಧನ, ಗೊಬ್ಬರದ ಕಾರ್ಖಾನೆಗಳು ಹಳೆಯ ಆಸರೆ. ರಾಯಚೂರು ಜಿಲ್ಲೆಯ ಹಟ್ಟಿ ಗಣಿಯ ಅದಿರಿನಲ್ಲಿ ಟನ್ನಿಗೆ ಕೆಲವೇ ಗ್ರಾಂ ಚಿನ್ನ. ಪುಡಿಮಾಡಿದ ಅದಿರಿನಲ್ಲಿರುವ ಚಿನ್ನವನ್ನು ಸೋಡಿಯಂ ಸಯನೈಡ್ ದ್ರಾವಣದಲ್ಲಿ ಕರಗಿಸಿ ಆ ಕೆಲವು ಗ್ರಾಂಗಳನ್ನು ಹೊರತೆಗೆಯುವುದು, ವಿಷದ ದ್ರಾವಣ ಹೊರಹೋಗದಂತೆ ಕಾಯುವುದು ಎರಡೂ ರಸಾಯನಶಾಸ್ತ್ರದ ಕೆಲಸ. ತೋರಣಗಲ್ಲಿನ ಉಕ್ಕು, ಮಂಗಳೂರಿನ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕ, ಪಣಂಬೂರಿನ ಯೂರಿಯಾ ಕಾರ್ಖಾನೆ, ದಾಂಡೇಲಿಯ ಕಾಗದ, ಕಲಬುರಗಿ ಭಾಗದ ಸಿಮೆಂಟ್ ಎಲ್ಲವೂ ದಿನದ 24 ಗಂಟೆ ಪ್ರಯೋಗಾಲಯ ನಡೆಸುತ್ತವೆ. ಕೈಗಾ ಅಣುಸ್ಥಾವರದಂಥ ಕಡೆ ರಿಯಾಕ್ಟರಿನ ಭಾರಜಲದ ಶುದ್ಧತೆ ಕಾಯುವುದು ರಸಾಯನಶಾಸ್ತ್ರಜ್ಞರ ಹೊಣೆ. ಅಣುಶಕ್ತಿ ಇಲಾಖೆಗೆ ಸೇರಬಯಸುವ ಎಂ.ಎಸ್ಸಿ. ಪದವೀಧರರಿಗೆ 1957ರಿಂದ ನಡೆಯುತ್ತಿರುವ ಬಿಎಆರ್‌ಸಿ ತರಬೇತಿ ಶಾಲೆ ಪ್ರಸಿದ್ಧ ದಾರಿ. ಬಣ್ಣ, ಪ್ಲಾಸ್ಟಿಕ್, ಸುಗಂಧದ್ರವ್ಯ, ಬ್ಯಾಟರಿ ಉದ್ಯಮಗಳೂ ಈ ಸಾಲಿಗೆ ಸೇರುತ್ತವೆ.

ಕೃಷಿಯಲ್ಲೂ ಕೆಲಸವಿದೆ. ಮಲೆನಾಡಿನ ಅಡಿಕೆ ಬೆಳೆಗಾರರು ಮಳೆಗಾಲಕ್ಕೆ ಮುಂಚೆ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರಿನ ಲೆಕ್ಕ. ಸುಣ್ಣ ಕಡಿಮೆಯಾಗಿ ದ್ರಾವಣ ಆಮ್ಲೀಯವಾದರೆ ಎಲೆ, ಕಾಯಿ ಸುಟ್ಟುಹೋಗುತ್ತವೆ. ಅದಕ್ಕೇ ಅನುಭವಿಗಳು ಉಜ್ಜಿದ ಕತ್ತಿಯನ್ನು ಅದ್ದಿ ನೋಡುತ್ತಾರೆ. ಕತ್ತಿಯ ಮೇಲೆ ತಾಮ್ರದ ಕೆಂಪು ಹತ್ತಿದರೆ ಇನ್ನೂ ಸುಣ್ಣ ಬೇಕು. ಕಬ್ಬಿಣ ತಾಮ್ರವನ್ನು ದ್ರಾವಣದಿಂದ ಹೊರದೂಡುವ ಈ ಕ್ರಿಯೆ ಹತ್ತನೆಯ ತರಗತಿಯ ಪಾಠದಲ್ಲೇ ಇದೆ. ಮಣ್ಣು ಪರೀಕ್ಷೆ, ಗೊಬ್ಬರ ಮತ್ತು ಕೀಟನಾಶಕಗಳ ಗುಣಮಟ್ಟ, ತರಕಾರಿಯಲ್ಲಿ ಉಳಿಯುವ ವಿಷಾಂಶ ಇವುಗಳ ಪರೀಕ್ಷೆಗೆ ಸರ್ಕಾರಿ, ಖಾಸಗಿ ಪ್ರಯೋಗಾಲಯಗಳಿವೆ.

ನ್ಯಾಯ ಮತ್ತು ಆಡಳಿತಕ್ಕೂ ಈ ವಿದ್ಯೆ ಬೇಕು. ಬೆಂಗಳೂರಿನ ಮಡಿವಾಳದಲ್ಲಿರುವ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ವಿಷಪ್ರಾಶನ, ಮಾದಕವಸ್ತು, ಕಳ್ಳಭಟ್ಟಿ ಪ್ರಕರಣಗಳ ಮಾದರಿಗಳು ಪರೀಕ್ಷೆಯಾಗುತ್ತವೆ. 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ಆಹಾರ ವಿಶ್ಲೇಷಕರಾಗಲು ರಸಾಯನಶಾಸ್ತ್ರದಂಥ ವಿಷಯದಲ್ಲಿ ಸ್ನಾತಕೋತ್ತರ ಪದವಿ, ಮೂರು ವರ್ಷದ ಅನುಭವ ಮತ್ತು ಪ್ರತ್ಯೇಕ ಪರೀಕ್ಷೆಯಲ್ಲಿ ತೇರ್ಗಡೆ ಬೇಕು. ಪೇಟೆಂಟ್ ಏಜೆಂಟ್ ಪರೀಕ್ಷೆಯನ್ನು ವಿಜ್ಞಾನ ಪದವೀಧರರು ಬರೆಯಬಹುದು. ಹೊಸ ಅಣುವಿನ ಹಕ್ಕನ್ನು ಬರಹದಲ್ಲಿ ಕಾಯುವ ಈ ಕೆಲಸಕ್ಕೆ ರಸಾಯನಶಾಸ್ತ್ರವೂ ಬೇಕು, ಭಾಷೆಯ ಮೇಲೆ ಹಿಡಿತವೂ ಬೇಕು.

ಅಧ್ಯಾಪನ ಈ ಓದಿನ ಹಳೆಯ ಮತ್ತು ಗೌರವದ ದಾರಿ. ಪ್ರೌಢಶಾಲೆಗೆ ಬಿ.ಎಸ್ಸಿ. ಜೊತೆ ಬಿ.ಎಡ್., ಪಿಯು ಕಾಲೇಜಿಗೆ ಎಂ.ಎಸ್ಸಿ. ಜೊತೆ ಬಿ.ಎಡ್., ಪದವಿ ಕಾಲೇಜಿಗೆ ಶೇ 55 ಅಂಕದ ಎಂ.ಎಸ್ಸಿ. ಜೊತೆ ನೆಟ್ ಅಥವಾ ಕೆ-ಸೆಟ್ ಸಾಮಾನ್ಯ ಅರ್ಹತೆ. ಮೀಸಲು ವರ್ಗಗಳಿಗೆ ಅಂಕದಲ್ಲಿ ರಿಯಾಯಿತಿಯಿದೆ. 1963ರಲ್ಲಿ ಆರಂಭವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ವಿಜ್ಞಾನ ಮತ್ತು ಶಿಕ್ಷಕ ತರಬೇತಿ ಎರಡನ್ನೂ ಒಂದೇ ಪದವಿಯಲ್ಲಿ ಕಲಿಸಿ ಹೆಸರಾಗಿದೆ. ಮೈಸೂರಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಜೆ.ಆರ್. ಲಕ್ಷ್ಮಣರಾವ್ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಪತ್ರಿಕೆಯನ್ನು ಸಂಪಾದಿಸಿ, ಕನ್ನಡದಲ್ಲಿ ವಿಜ್ಞಾನ ಬರೆದು, ಮೇಷ್ಟರ ಕೆಲಸ ತರಗತಿಯ ಗೋಡೆಯಾಚೆಗೂ ಹಬ್ಬಬಲ್ಲದೆಂದು ತೋರಿಸಿದರು.

ತೊಡಕುಗಳು

ಈ ದಾರಿಯ ಕಷ್ಟಗಳನ್ನೂ ಹೇಳಬೇಕು. ಬಿ.ಎಸ್ಸಿ. ಮಾತ್ರ ಓದಿ ಕಾರ್ಖಾನೆ ಸೇರಿದವರಿಗೆ ಮೊದಲ ಸಂಬಳ ಕಡಿಮೆ. ರಾತ್ರಿ ಪಾಳಿ ಇರುತ್ತದೆ. ಸಾಫ್ಟ್‌ವೇರ್ ಸೇರಿದ ಗೆಳೆಯರೊಡನೆ ಹೋಲಿಸಿಕೊಂಡು ಎರಡನೆಯ ವರ್ಷಕ್ಕೇ ಬಿಟ್ಟುಹೋಗುವವರಿದ್ದಾರೆ. ಇಲ್ಲಿ ಬೆಲೆ ಏರುವುದು ಅನುಭವದಿಂದ. ಒಂದು ಯಂತ್ರವನ್ನು, ಒಂದು ಬಗೆಯ ಕ್ರಿಯೆಯನ್ನು ಆಳವಾಗಿ ಬಲ್ಲವರನ್ನು ಕಂಪನಿಗಳು ಹುಡುಕಿಕೊಂಡು ಬರುತ್ತವೆ. ದ್ರಾವಕಗಳ ಆವಿ, ಬೆಂಕಿ, ಸ್ಫೋಟದ ಅಪಾಯವೂ ನಿಜ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಮೀಥೈಲ್ ಐಸೊಸಯನೇಟ್ ತೊಟ್ಟಿಗೆ ನೀರು ಸೇರಿ ನಡೆದ ಕ್ರಿಯೆ ಸಾವಿರಾರು ಜನರನ್ನು ಕೊಂದಿತು. ಯಾವ ವಸ್ತು ಯಾವುದರ ಜೊತೆ ಸೇರಬಾರದು ಎಂಬ ತಿಳಿವಳಿಕೆ, ಕೆಟ್ಟ ಕವಾಟವನ್ನು ಕಂಡಾಗ ಸುಮ್ಮನಿರದೆ ಹೇಳುವ ಧೈರ್ಯ, ಇವೆರಡೂ ರಸಾಯನಶಾಸ್ತ್ರಜ್ಞರ ಅರ್ಹತೆಯ ಭಾಗ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಪದವಿಯ ಮೊದಲ ವರ್ಷ ಭಾಷೆಯೇ ಗೋಡೆಯಾಗುತ್ತದೆ. ಆಮ್ಲ, ಪ್ರತ್ಯಾಮ್ಲ, ಲವಣ, ಧಾತು, ಸಂಯುಕ್ತ ಎಂದು ಕಲಿತವರು ಒಮ್ಮೆಗೇ ಇಂಗ್ಲಿಷ್ ಪದಗಳಿಗೆ ತಿರುಗಬೇಕು. ಸೂತ್ರ, ಸಮೀಕರಣಗಳು ಎಲ್ಲ ಭಾಷೆಯಲ್ಲೂ ಒಂದೇ ಆದ್ದರಿಂದ ಈ ಗೋಡೆ ಬೇರೆ ವಿಷಯಗಳಿಗಿಂತ ಇಲ್ಲಿ ಗಿಡ್ಡ. ಪದಗಳ ಜೋಡಿಪಟ್ಟಿಯೊಂದನ್ನು ಮೊದಲ ಸೆಮಿಸ್ಟರಿನಲ್ಲೇ ಮಾಡಿಟ್ಟುಕೊಂಡವರು ಬೇಗ ದಾಟುತ್ತಾರೆ. ಕನ್ನಡದಲ್ಲಿ ಅರ್ಥ ಮಾಡಿಕೊಂಡ ತತ್ತ್ವ ಇಂಗ್ಲಿಷಿನ ಪರೀಕ್ಷೆಯಲ್ಲಿ ಕೈಕೊಡುವುದಿಲ್ಲ.

ಕಾಲೇಜು ಆರಿಸುವಾಗ ಕಟ್ಟಡ, ಜಾಹೀರಾತುಗಳಿಗಿಂತ ಮೊದಲು ನೋಡಬೇಕಾದದ್ದು ಪ್ರಯೋಗಾಲಯ. ವಾರಕ್ಕೆ ಎಷ್ಟು ಗಂಟೆ ಪ್ರಯೋಗ ನಡೆಯುತ್ತದೆ, ಪ್ರತಿ ವಿದ್ಯಾರ್ಥಿಗೂ ಬೇರೆ ಬ್ಯುರೆಟ್ ಇದೆಯೇ ಅಥವಾ ನಾಲ್ವರಿಗೆ ಒಂದೇ, ಯಂತ್ರಗಳು ಕೆಲಸ ಮಾಡುತ್ತಿವೆಯೇ ಅಥವಾ ಬಟ್ಟೆ ಹೊದೆದು ಕುಳಿತಿವೆಯೇ, ಖಾಯಂ ಅಧ್ಯಾಪಕರು ಎಷ್ಟಿದ್ದಾರೆ, ಹಿಂದಿನ ವರ್ಷದವರು ಎಲ್ಲಿಗೆ ಹೋದರು: ಹೋಗಿ ಕೇಳಿದರೆ ಇವೆಲ್ಲ ಒಂದು ದಿನದಲ್ಲಿ ತಿಳಿಯುತ್ತವೆ. ಸೇರಿದ ಮೇಲೆ ತನ್ನ ಒಲವು ಆರಂಭದಲ್ಲಿ ಹೇಳಿದ ಮೂರು ಪ್ರಶ್ನೆಗಳಲ್ಲಿ ಯಾವುದರ ಕಡೆಗಿದೆ, ಇಲ್ಲವೇ ಕಲಿಸುವುದರ ಕಡೆಗಿದೆಯೇ ಎಂದು ವಿದ್ಯಾರ್ಥಿ ಗಮನಿಸಬೇಕು. ಏನಿದೆ, ಎಷ್ಟಿದೆ ಎಂದು ಹುಡುಕುವುದರಲ್ಲಿ ಹೊತ್ತು ಹೋದದ್ದು ತಿಳಿಯದವರಿಗೆ ವಿಶ್ಲೇಷಣೆ, ಗುಣಮಟ್ಟ, ಪರಿಸರ, ವಿಧಿವಿಜ್ಞಾನದ ದಾರಿಗಳಿವೆ. ಇಲ್ಲದ್ದನ್ನು ಮಾಡಿ ನೋಡುವ ಹಂಬಲದವರಿಗೆ ಸಾವಯವ ಸಂಶ್ಲೇಷಣೆ, ಔಷಧ, ಹೊಸ ವಸ್ತುಗಳ ಸಂಶೋಧನೆ ಕಾದಿದೆ. ತಿಳಿದದ್ದನ್ನು ಇನ್ನೊಬ್ಬರಿಗೆ ಹೇಳಿದಾಗಲೇ ಪೂರ್ತಿ ತಿಳಿಯಿತು ಎನ್ನಿಸುವವರಿಗೆ ತರಗತಿಯಿದೆ. ಮೂರು ದಾರಿಗೂ ಬುತ್ತಿ ಒಂದೇ: ಪಳಗಿದ ಕೈ, ಮತ್ತು ಆ ಕೈ ಪ್ರಾಮಾಣಿಕವಾಗಿ ಬರೆದಿಟ್ಟ ರೀಡಿಂಗ್.